ಮೂರನೇ ವಾಲ್ವ್ ಹರಿದ ದಿನ

"ಈ ಗೋಡೆಗೆ ಒಂದು ಮಾತು ಹೇಳ್ಬೇಕಿತ್ತು," ಅಂದಳು ಲೈಟಮ್ಮ, ನಿಜವಾಗಿಯೂ ಗೋಡೆಯನ್ನೇ ನೋಡುತ್ತಾ. "ಪಂಪಿನ ಸದ್ದು ಯಾಕೋ ಬದಲಾದ ಹಾಗಿದೆ. ಕಿವಿ ಇರೋರು ಯಾರಾದ್ರೂ ಇದ್ರೆ ಒಂಚೂರು ನೋಡ್ಲಿ."

ಪಕ್ಕದ ಕುರ್ಚಿಯಲ್ಲಿದ್ದ ಉಗ್ರಾಣಿ ಎದ್ದ. ಮಗುವಿನ ಜ್ವರ ನೋಡುವವನ ಹಾಗೆ ಪಂಪಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಅವನೂ ಅದೇ ಗೋಡೆಗೆ ಉತ್ತರ ಕೊಟ್ಟ.

"ಪಂಪ್ ಚೆನ್ನಾಗೇ ಇದೆ. ಸರಿಯಾಗಿ ನಿದ್ದೆ ಮಾಡದವರ ಕಿವಿಗೆ ಹಾಗೆ ಕೇಳುತ್ತೆ."

"ನನ್ನ ನಿದ್ದೆ ವಿಷಯ ಯಾಕೆ ಬಂತು?"

"ನಾನು ಗೋಡೆಗೆ ಹೇಳಿದ್ದು. ಬೇರೆಯವರು ಯಾಕೆ ಮೈಮೇಲೆ ಹಾಕ್ಕೋಬೇಕು?"

ನೋಡಿ, ಇಬ್ಬರಿಗೂ ಮೂವತ್ತರ ಆಸುಪಾಸು. ಇಬ್ಬರೂ ಓದಿ ಓದಿ ಕನ್ನಡಕ ಬಂದವರು. ಆದರೂ ಮೂರು ತಿಂಗಳಿಂದ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಟೂ ಬಿಟ್ಟು ಕೂತಿದ್ದರು. ಬೇರೆ ಬೇರೆ ರೂಮಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಇವರ ಹಣೆಬರಹಕ್ಕೆ ಕೆಲಸ ಒಂದೇ, ರೂಮೂ ಒಂದೇ, ಅದಕ್ಕೆ ಕಿಟಕಿಯೂ ಇಲ್ಲ.

ಲೈಟಮ್ಮ ಅನ್ನೋದು ಲ್ಯಾಬಿನವರು ಇಟ್ಟ ಹೆಸರು. ಕ್ಯಾಮೆರಾ ಮುಂದಿನ ದೀಪಗಳನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಸರಿಸುತ್ತಾ ಅರ್ಧ ದಿನ ಕಳೆಯುವವಳಿಗೆ ಇನ್ನೇನು ಹೆಸರಿಡುತ್ತಾರೆ? ಕ್ಯಾಮೆರಾ ಹಿಡಿದದ್ದನ್ನು ಒಂದು ಚುಕ್ಕೆಯೂ ಕಳೆಯದ ಹಾಗೆ ಡಿಸ್ಕುಗಳಲ್ಲಿ ಕಾಪಾಡುವುದು ಅವನ ಕೆಲಸ, ಅದಕ್ಕೇ ಅವನು ಉಗ್ರಾಣಿ. ಅವನ ಡಿಸ್ಕುಗಳಿಗೆ ಯಾರಾದರೂ ಕೈ ಹಾಕಿದರೆ ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಿದವರನ್ನು ಅಜ್ಜಿ ನೋಡುವ ಹಾಗೆ ನೋಡುತ್ತಿದ್ದ.

ಅವರ ಮುಂದೆ ಗಾಜಿನ ತೊಟ್ಟಿ. ತೊಟ್ಟಿಯ ನೀರಿನೊಳಗೆ ಬೆರಳ ಉಂಗುರದಷ್ಟು ದೊಡ್ಡ ಒಂದು ಹೃದಯದ ವಾಲ್ವ್. ಬಟ್ಟೆಯಂಥ ಮೂರು ತೆಳು ಎಸಳು, ಉಂಗುರಕ್ಕೆ ಕೈಯಲ್ಲೇ ಹಾಕಿದ ಹೊಲಿಗೆ. ಪಂಪು ನೀರನ್ನು ತಳ್ಳಿದಾಗ ಎಸಳು ತೆರೆಯುತ್ತದೆ, ಬಿಟ್ಟಾಗ ಮುಚ್ಚುತ್ತದೆ. ನಿಜವಾದ ಹೃದಯ ವರ್ಷಗಟ್ಟಲೆ ಬಡಿಯುವುದನ್ನು ಈ ಯಂತ್ರ ಕೆಲವು ವಾರದಲ್ಲೇ ಬಡಿಸಿ ಮುಗಿಸುತ್ತದೆ. ಯಾವತ್ತೋ ಒಂದು ಕ್ಷಣ ಎಸಳು ಹರಿಯುತ್ತದೆ. ಆ ಹರಿಯುವುದು ಎಲ್ಲಿಂದ ಶುರುವಾಯಿತು ಅನ್ನೋದನ್ನು ನೋಡಬೇಕು. ಅಷ್ಟೇ ಕೆಲಸ.

ಹೊಲಿಗೆಯ ತೂತಿನಿಂದ ಹರಿದರೆ ಪರವಾಗಿಲ್ಲ, ಹೊಲಿಗೆ ಬದಲಾಯಿಸಬಹುದು. ಎಸಳಿನ ನಡುವಿನಿಂದ ಹರಿದರೆ ಬಟ್ಟೆಯೇ ಸರಿಯಿಲ್ಲ, ಇಡೀ ವಾಲ್ವನ್ನೇ ಕೈಬಿಡಬೇಕು. ಆಸ್ಪತ್ರೆಯ ಡಾಕ್ಟರಮ್ಮ ಈ ಉತ್ತರಕ್ಕೇ ಕಾಯುತ್ತಿದ್ದರು. ಅವರ ವಾರ್ಡಿನಲ್ಲಿ ಒಂದು ಪುಟ್ಟ ಹುಡುಗಿ ಇದ್ದಳು, ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುವ ಹುಡುಗಿ. ಅಷ್ಟು ಚಿಕ್ಕ ಎದೆಗೆ ಹೊಂದುವ ವಾಲ್ವ್ ಇಂಥದೊಂದೇ. ಪರೀಕ್ಷೆಗೆ ಅಂತ ಮಾಡಿದ್ದು ಮೂರು, ಈಗ ತೊಟ್ಟಿಯಲ್ಲಿರುವುದು ಕೊನೆಯದು. ಮೊದಲನೆಯದು ಹರಿಯುವ ಮುಂಚೆಯೇ ಪಂಪಿಗೆ ಸಿಕ್ಕಿ ಹಾಳಾಯಿತು. ಎರಡನೆಯದರ ಕತೆ ಕೇಳಿದರೆ ಇವರಿಬ್ಬರ ಜಗಳದ ಕತೆಯೂ ಗೊತ್ತಾಗುತ್ತದೆ.

ಎರಡನೆಯದು ಲೈಟಮ್ಮನ ಕಣ್ಣೆದುರೇ ಹರಿಯಿತು. ಕ್ಯಾಮೆರಾ ಹಿಡಿಯಿತು, ಸೇವ್ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೇ ದಿನ ತೆರೆದು ನೋಡಿದರೆ ವಿಡಿಯೋ ಕುಗ್ಗಿಸಿದ ಫಾರ್ಮ್ಯಾಟಿನಲ್ಲಿತ್ತು. ಈ ಕುಗ್ಗಿಸುವ ಫಾರ್ಮ್ಯಾಟ್ ಇದೆಯಲ್ಲ, ಅದು ಅತಿಬುದ್ಧಿವಂತ. ಕಣ್ಣಿಗೆ ಇಷ್ಟು ಸಾಕು ಅಂತ ತಾನೇ ತೀರ್ಮಾನ ಮಾಡಿ ಉಳಿದದ್ದನ್ನು ಎಸೆದುಬಿಡುತ್ತದೆ. ಮದುವೆ ವಿಡಿಯೋಗೆ ಅದು ಧಾರಾಳ. ಆದರೆ ಎಸಳಿನ ಒಂದೊಂದು ಎಳೆಯನ್ನೂ ನೋಡಬೇಕಾದವರಿಗೆ ಅಲ್ಲಿ ಎಳೆಗಳೇ ಇರಲಿಲ್ಲ, ಬೂದು ಬಣ್ಣದ ನುಣುಪು ಮಾತ್ರ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೀಟಿಂಗಿನಲ್ಲಿ ಲ್ಯಾಬಿನ ಮುಖ್ಯಸ್ಥರು, ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದವರು, ಮೇಜು ಕುಟ್ಟಿ ಕೇಳಿದ್ದರು: "ಯಾರ ತಲೆಹರಟೆ ಇದು?"

ಉಗ್ರಾಣಿ ಎದ್ದು ನಿಂತು, "ಡೇಟಾ ಕಾಪಾಡೋದು ನನ್ನ ಕೆಲಸ ಸರ್. ತಪ್ಪು ನನ್ನದೇ," ಅಂದಿದ್ದ.

"ಸೇವ್ ಆದ್ಮೇಲೆ ಜಾಗ ಉಳಿಸೋಕೆ ಕುಗ್ಗಿಸಿದ್ರಾ?" ಲೈಟಮ್ಮನಿಗೆ ಅಳು ಕೋಪ ಎರಡೂ ಒಟ್ಟಿಗೆ ಬಂದಿತ್ತು. "ನಿಮ್ಮ ಡಿಸ್ಕಿನ ಜಾಗ ಆ ಮಗುಗಿಂತ ಹೆಚ್ಚಾಯ್ತಾ?"

ಅಲ್ಲಿಂದ ಶುರುವಾಯಿತು ಈ ಗೋಡೆ ಭಾಷೆ. ಅವನ ಕಾಂಟ್ರಾಕ್ಟನ್ನು ಮುಂದುವರಿಸುವುದಿಲ್ಲ ಅಂತ ಮೇಷ್ಟ್ರು ಹೇಳಿಯೂ ಆಗಿತ್ತು. ಈ ವಾರವೇ ಕೊನೆ.

ಅದಕ್ಕೂ ಮುಂಚೆ ಅವರು ಹೀಗಿರಲಿಲ್ಲ. ಸಂಜೆ ಇಬ್ಬರೂ ಒಟ್ಟಿಗೇ ಬಸ್ ಸ್ಟಾಪಿಗೆ ನಡೆಯುತ್ತಿದ್ದರು. ಅವಳ ಬಸ್ಸು ಬಂದರೂ ಅವಳು, "ಇದು ತುಂಬಾ ರಶ್ ಇದೆ," ಅನ್ನುತ್ತಿದ್ದಳು. ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಇರುತ್ತಿತ್ತು. ಅವನೂ ಆ ಖಾಲಿ ಸೀಟುಗಳನ್ನು ನೋಡಿ, "ಹೌದೌದು, ಕಾಲಿಡೋಕೂ ಜಾಗ ಇಲ್ಲ," ಅನ್ನುತ್ತಿದ್ದ.

ಈಗ ಅವಳು ಮನೆಗೆ ಬೇಗ ಬರುತ್ತಾಳೆ, ಬಂದು ಅಕ್ಕನ ಮುಂದೆ ಅವನನ್ನು ಬೈಯುತ್ತಾಳೆ. ಇವತ್ತು ಬೆಳಿಗ್ಗೆಯೂ ಅಕ್ಕ ಚಪ್ಪಲಿ ಹುಡುಕುತ್ತಾ ಹೇಳಿದ್ದಳು, "ಅಲ್ವೇ, ಒಬ್ಬರನ್ನ ಕಂಡ್ರೆ ಆಗಲ್ಲ ಅಂದ್ಮೇಲೆ ಇಷ್ಟು ಸಲ ಅವರ ಸುದ್ದಿ ಎತ್ತಬೇಕಾ? ನಿನ್ನ ಭಾವನ್ನ ನಾನು ಇಷ್ಟು ಸಲ ನೆನೆಸಲ್ಲ."

"ಬೈಯೋಕೆ ನೆನೆಸ್ಕೊಳ್ಳೋದು ಅಕ್ಕಾ."

"ಹೂಂ, ಗೊತ್ತಾಯ್ತು ಬಿಡು."

ಈ ಕ್ಯಾಮೆರಾದ ಒಂದು ಗುಣ ಹೇಳಬೇಕು. ಒಂದು ಸೆಕೆಂಡಿಗೆ ಸಾವಿರಾರು ಚಿತ್ರ ನುಂಗುತ್ತದೆ, ಆದರೆ ಹೊಟ್ಟೆ ಚಿಕ್ಕದು. ಹೊಸದು ಬಂದ ಹಾಗೆ ಹಳೆಯದನ್ನು ಬಿಟ್ಟುಬಿಡುತ್ತದೆ. ಕೊನೆಯ ಕೆಲವೇ ಸೆಕೆಂಡು ಅದರ ನೆನಪಿನಲ್ಲಿ ಇರುತ್ತದೆ. ಹಾಗಾಗಿ ಗುಂಡಿ ಒತ್ತಬೇಕಾದದ್ದು ಮುಂಚೆ ಅಲ್ಲ, ಹರಿದದ್ದು ಕಣ್ಣಿಗೆ ಬಿದ್ದ ಕೂಡಲೇ. ಒತ್ತಿದರೆ ಕ್ಯಾಮೆರಾ ಅಲ್ಲಿಗೇ ನಿಂತು ಹೊಟ್ಟೆಯಲ್ಲಿದ್ದದ್ದನ್ನು ಹಿಡಿದುಕೊಳ್ಳುತ್ತದೆ. ಒಂದು ಸಲ ಆಕಳಿಸಿ ತಡಮಾಡಿದರೆ ಹೋಯಿತು. ಅದಕ್ಕೇ ಇಬ್ಬಿಬ್ಬರು ಕೂರಬೇಕು. ಒಬ್ಬರ ಹೆಬ್ಬೆರಳು ಗುಂಡಿಯ ಮೇಲೆ, ಇಬ್ಬರ ಕಣ್ಣೂ ತೊಟ್ಟಿಯ ಮೇಲೆ.

ಹೆಬ್ಬೆರಳು ಇವತ್ತು ಲೈಟಮ್ಮನದು. ಕಣ್ಣು ತೊಟ್ಟಿಯ ಮೇಲೇ ಇದ್ದರೂ ಪಕ್ಕದವನು ಏನು ಮಾಡುತ್ತಿದ್ದಾನೆ ಅನ್ನೋದು ಅವಳಿಗೆ ಗೊತ್ತಾಗುತ್ತಲೇ ಇತ್ತು. ಅವಳ ಕಾಫಿ ಲೋಟ ವೈರಿನ ಹತ್ತಿರ ಇದ್ದದ್ದನ್ನು ಅವನು ಎರಡು ಬೆರಳಲ್ಲಿ ಸದ್ದಿಲ್ಲದೆ ದೂರ ಸರಿಸಿದ. ಆಮೇಲೆ ಅವಳಿಗೆ ಕೈಗೆಟುಕುತ್ತೋ ಇಲ್ಲವೋ ಅಂತ ಅಂದಾಜು ಮಾಡಿ ಮತ್ತೆ ಒಂದಿಷ್ಟು ಹತ್ತಿರ ತಂದ. ಅಂಗಿಯ ತೋಳು ಮಡಚಿದ್ದ. ಕನ್ನಡಿಯಂಥ ಗಾಜಿನ ತೊಟ್ಟಿಯಲ್ಲಿ ಅವನ ಮುಖದ ನೆರಳು ಕಾಣುತ್ತಿತ್ತು, ವಾಲ್ವಿನ ಪಕ್ಕದಲ್ಲೇ. ವಾಲ್ವನ್ನು ನೋಡುತ್ತಿದ್ದೇನೆ ಅಂತ ತನಗೇ ಹೇಳಿಕೊಂಡು ಅವಳು ಅದನ್ನೇ ನೋಡಿದಳು. ಆ ನೆರಳೂ ಅವಳನ್ನೇ ನೋಡುತ್ತಿತ್ತು. ಇಬ್ಬರೂ ಒಟ್ಟಿಗೇ ಕಣ್ಣು ತಪ್ಪಿಸಿದರು.

ಇನ್ನೆರಡು ದಿನ. ಆಮೇಲೆ ಆ ಕುರ್ಚಿಯಲ್ಲಿ ಯಾರೋ ಕೂರುತ್ತಾರೆ.

"ಹೊಸ ಕೆಲಸ ಎಲ್ಲಿ?" ಅಂತ ಕೇಳಿಯೇ ಬಿಟ್ಟಳು. ಈ ಸಲ ಗೋಡೆಗಲ್ಲ.

"ದೂರ."

"ದೂರ ಅಂದ್ರೆ? ಬಸ್ಸು ಹೋಗುತ್ತಾ?"

"ಹೋಗಲ್ಲ."

"ಹೋಗ್ಲೇಬೇಕಾ?" ಅಂತ ಅವಳು ಅವನ ಕಡೆ ತಿರುಗಿದಳು. ತಿರುಗಬಾರದಿತ್ತು. ಅವನೂ ತಿರುಗಿದ್ದ, ಅವನೂ ತಿರುಗಬಾರದಿತ್ತು.

ತೊಟ್ಟಿಯಲ್ಲಿ ಬಡಿತದ ಸದ್ದು ತಪ್ಪಿತು.

"ಒತ್ತಿ!" ಅಂತ ಅವನು ಕಿರುಚುವುದೂ ಅವಳ ಹೆಬ್ಬೆರಳು ಗುಂಡಿಯನ್ನು ಅದುಮುವುದೂ ಒಂದೇ ಸಲಕ್ಕೆ ಆಯಿತು. ಮೂರು ಎಸಳಿನಲ್ಲಿ ಒಂದು ಹರಿದ ಕಿವಿಯ ಹಾಗೆ ನೀರಿನಲ್ಲಿ ಪಟಪಟ ಅನ್ನುತ್ತಿತ್ತು. ಅವನು ಪಂಪು ನಿಲ್ಲಿಸಿದ. ಅವಳು ಪರದೆಯ ಮೇಲೆ ಹಿಂದಕ್ಕೆ ಸರಿಸಿ ಸರಿಸಿ ನೋಡಿದಳು. ಹರಿದ ಎಸಳು. ಇನ್ನೂ ಹಿಂದೆ, ಹರಿಯುತ್ತಿರುವ ಎಸಳು. ಇನ್ನೂ ಹಿಂದೆ, ಇಡಿಯಾದ ಎಸಳು.

"ಸಿಕ್ಕಿದೆ!" ಅಂದಳು. "ದೇವರೇ, ಸಿಕ್ಕಿದೆ!"

"ಸಿಕ್ಕಿದ್ದು ಕ್ಯಾಮೆರಾಗೆ," ಅಂದ ಅವನು. ಮುಖದಲ್ಲಿ ನಗು ಇತ್ತು, ಆದರೂ ಎಚ್ಚರಿಕೆ ಬಿಟ್ಟಿರಲಿಲ್ಲ. "ಡಿಸ್ಕಿಗೆ ಬಂದ ಮೇಲೆ ನಮಗೆ ಸಿಕ್ಕಿದ ಹಾಗೆ. ಇರಿ, ಖಾಲಿ ಡಿಸ್ಕ್ ತರ್ತೀನಿ." ಅಂತ ಕಾರಿಡಾರಿನ ಕಡೆ ಓಡಿದ.

ಅವಳು ಮಾಡಿದ್ದೆಲ್ಲ ಒಳ್ಳೆಯ ಮನಸ್ಸಿನಿಂದಲೇ. ಡಾಕ್ಟರಮ್ಮ ಪ್ರತಿದಿನ ಫೋನ್ ಮಾಡಿ ಕೇಳುವವರು, ಅವರಿಗೊಂದು ಸಿಹಿಸುದ್ದಿ ಬೇಡವೇ? ಒಂದು ಪುಟ್ಟ ತುಣುಕನ್ನು ಫೋನಿನಲ್ಲಿ ಹೋಗುವಷ್ಟು ಕುಗ್ಗಿಸಿ ಕಳಿಸಿದಳು. ಕಳಿಸಿದ ಮೇಲೆ ಅವನಿಗೆ ಕಾಯದೆ ಇಡೀ ವಿಡಿಯೋಗೆ ಸೇವ್ ಒತ್ತಿದಳು.

ಮೊದಲೆಲ್ಲ ಅವರಲ್ಲಿ ಒಂದು ಪದ್ಧತಿ ಇತ್ತು. ಸೇವ್ ಒತ್ತುವ ಮುಂಚೆ ಒಬ್ಬರು ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರತಿ ಸಾಲಿಗೂ ಹೂಂ ಅನ್ನಬೇಕು. ಮಾತೇ ಬಿಟ್ಟವರು ಹೂಂ ಎಲ್ಲಿಂದ ಅನ್ನುತ್ತಾರೆ? ಪದ್ಧತಿ ಮೂಲೆ ಸೇರಿತ್ತು.

ಅವನು ಡಿಸ್ಕ್ ಹಿಡಿದು ಬಂದಾಗ ಪರದೆಯ ಮೇಲಿನ ಹಸಿರು ಪಟ್ಟಿ ಅರ್ಧ ತುಂಬಿತ್ತು.

"ಇಷ್ಟು ಬೇಗನಾ?" ಅಂದ. ಮರುಕ್ಷಣವೇ ಅವನ ಮುಖ ಬಿಳಿಚಿಕೊಂಡಿತು. "ನಿಲ್ಲಿಸಿ! ಕುಗ್ಗಿಸ್ತಾ ಇದೆ ಅದು!"

ಅವಳು ನಿಲ್ಲಿಸಿದಳು. ಪುಣ್ಯಕ್ಕೆ ಕ್ಯಾಮೆರಾದ ಹೊಟ್ಟೆಯಲ್ಲಿ ಮೂಲ ಹಾಗೇ ಇತ್ತು. ಅದು ಖಾಲಿಯಾಗುವುದು ಅಳಿಸಿದರೆ, ಇಲ್ಲವೇ ಕರೆಂಟು ಹೋದರೆ ಮಾತ್ರ.

"ನಾನು ಫಾರ್ಮ್ಯಾಟ್ ಮುಟ್ಟಲೇ ಇಲ್ಲ," ಅಂದಳು. "ಡಾಕ್ಟರಮ್ಮಂಗೆ ಒಂದು ತುಣುಕು ಕಳಿಸಿದೆ ಅಷ್ಟೇ..."

ಮಾತು ಅಲ್ಲೇ ನಿಂತಿತು. ತುಣುಕಿಗೆ ಆರಿಸಿದ್ದ ಕುಗ್ಗಿಸುವ ಫಾರ್ಮ್ಯಾಟನ್ನೇ ಈ ಹಾಳು ಸಾಫ್ಟ್‌ವೇರು ಮುಂದಿನದಕ್ಕೂ ಇಟ್ಟುಕೊಂಡಿತ್ತು. ಎರಡನೇ ವಾಲ್ವ್ ಹರಿದ ದಿನ ಅವನು ಜ್ವರ ಅಂತ ಮಧ್ಯಾಹ್ನವೇ ಮನೆಗೆ ಹೋಗಿದ್ದ. ಅವತ್ತು ಸೇವ್ ಮಾಡಿದ್ದು ಅವಳೊಬ್ಬಳೇ. ಅವತ್ತೂ ಅದಕ್ಕೂ ಮುಂಚೆ ಡಾಕ್ಟರಮ್ಮನಿಗೆ ಒಂದು ತುಣುಕು ಕಳಿಸಿದ್ದಳು.

ಅವಳು ನಿಧಾನವಾಗಿ ಕತ್ತೆತ್ತಿ ಅವನನ್ನು ನೋಡಿದಳು. ಅವನ ಮುಖದಲ್ಲಿ ಗಾಬರಿ ಇತ್ತು, ಬೇಜಾರು ಇತ್ತು. ಇರಬೇಕಾದ ಆಶ್ಚರ್ಯ ಮಾತ್ರ ಇರಲಿಲ್ಲ.

"ನಿಮಗೆ ಗೊತ್ತಿತ್ತು," ಅಂದಳು.

ಅವನು ಬಾಯಿ ತೆರೆಯುವಷ್ಟರಲ್ಲಿ ದೀಪಗಳು ಆರಿದವು. ಎಸಿ ನಿಂತಿತು. ಇಡೀ ಕಟ್ಟಡ ಉಸಿರು ಬಿಟ್ಟ ಹಾಗೆ ಒಂದು ಸದ್ದು ಬಂದು ಕತ್ತಲಾಯಿತು. ಮೇಜಿನ ಕೆಳಗೆ ಯುಪಿಎಸ್ ಮಾತ್ರ ಕೀಂಯ್ ಕೀಂಯ್ ಅನ್ನತೊಡಗಿತು.

ಹೊರಗೆ ನಡು ಮಧ್ಯಾಹ್ನ, ಒಳಗೆ ಅಮಾವಾಸ್ಯೆ. ಅವನು ಬಗ್ಗಿ ಯುಪಿಎಸ್ಸಿನ ಪುಟ್ಟ ಪರದೆ ನೋಡಿದ. "ಇಪ್ಪತ್ತು ನಿಮಿಷ ತೋರಿಸ್ತಿದೆ. ಕುಗ್ಗಿಸದೆ ಪೂರ್ತಿ ಇಳಿಸೋಕೆ ಅದರ ಮೂರು ಪಟ್ಟು ಬೇಕು."

"ಜನರೇಟರ್?"

"ಹೋದ ವಾರದಿಂದ ರಿಪೇರಿಯಲ್ಲಿದೆ."

"ಹಾಗಾದ್ರೆ?" ಅವಳ ದನಿ ಒಡೆಯಿತು. "ಈ ಸಲವೂ ಹೋಯ್ತಾ? ಈ ಸಲವೂ ನನ್ನಿಂದಲೇ..."

"ಅಳೋದು ಆಮೇಲೆ. ನಾನೂ ಜೊತೆಗೆ ಅಳ್ತೀನಿ ಬೇಕಾದ್ರೆ." ಕತ್ತಲಲ್ಲಿ ಅವನ ದನಿ ಗಟ್ಟಿಯಾಗಿತ್ತು. "ಯುಪಿಎಸ್‌ನಲ್ಲಿ ಕ್ಯಾಮೆರಾ ಒಂದನ್ನ ಬಿಟ್ಟು ಎಲ್ಲಾ ವೈರ್ ಕಿತ್ತುಹಾಕ್ತೀನಿ. ಡಿಸ್ಕನ್ನ ಲ್ಯಾಪ್‌ಟಾಪಿಗೇ ಹಾಕೋಣ, ಅದಕ್ಕೆ ಅದರದೇ ಬ್ಯಾಟರಿ ಇದೆ. ಪೂರ್ತಿ ಇಳಿಸೋದು ಬೇಡ. ಹರಿದ ಜಾಗದ ಸುತ್ತಲಿನದು ಮಾತ್ರ, ಆದರೆ ಒಂದು ಚುಕ್ಕೆಯೂ ಕುಗ್ಗಿಸದೆ. ಎಲ್ಲಿಂದ ಶುರು ಮಾಡ್ಬೇಕು, ನೀವು ಹೇಳಿ."

"ನಾನಾ?"

"ಎಸಳು ನೋಡೋ ಕಣ್ಣು ನಿಮ್ಮದು. ನನಗೆ ಅಲ್ಲಿ ಬಟ್ಟೆ ಬಿಟ್ಟು ಇನ್ನೇನೂ ಕಾಣಲ್ಲ."

ತೀರಾ ಮುಂದಿನಿಂದ ಹಿಡಿದರೆ ಹರಿಯುವ ಮೊದಲ ಎಳೆಯೇ ತಪ್ಪಿಹೋಗಬಹುದು. ತೀರಾ ಹಿಂದಿನಿಂದ ಹಿಡಿದರೆ ಇಳಿಯುವ ಮುಂಚೆಯೇ ಯುಪಿಎಸ್ ಸತ್ತುಹೋಗಬಹುದು. ಅವಳು ಅಂಗೈ ಬೆವರನ್ನು ಬಟ್ಟೆಗೆ ಒರೆಸಿಕೊಂಡು ಪರದೆಯ ಹತ್ತಿರ ಬಗ್ಗಿದಳು. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಯುಪಿಎಸ್ ಕೀಂಯ್ ಅನ್ನುತ್ತಲೇ ಇತ್ತು. ಅವನು ಅವಸರ ಮಾಡಲಿಲ್ಲ. ಅವನು ಉಸಿರು ಬಿಗಿಹಿಡಿದಿದ್ದು ಮಾತ್ರ ಅವಳಿಗೆ ಗೊತ್ತಾಗುತ್ತಿತ್ತು, ಅಷ್ಟು ಹತ್ತಿರ ಇದ್ದ.

ಒಂದು ಬಡಿತದಲ್ಲಿ ಎಸಳು ಮುಚ್ಚುವಾಗ ಅಂಚು ಒಂಚೂರು ವಾರೆಯಾಗಿತ್ತು. ಬೇರೆಯವರಿಗೆ ಅದು ಕಾಣುವಂಥದ್ದಲ್ಲ. "ಇದಕ್ಕೂ ನಾಲ್ಕು ಬಡಿತ ಮುಂಚೆಯಿಂದ," ಅಂದಳು.

"ಖಂಡಿತಾನಾ?"

"ಖಂಡಿತ ಅಲ್ಲ. ಆದ್ರೂ ಅಲ್ಲಿಂದಲೇ."

"ಸರಿ. ಓದಿ."

ಅವಳು ಓದಿದಳು. "ಫಾರ್ಮ್ಯಾಟ್, ಕುಗ್ಗಿಸದ ಮೂಲ."

"ಹೂಂ."

"ಜಾಗ, ಹೊಸ ಡಿಸ್ಕ್."

"ಹೂಂ."

"ಶುರು, ನಾನು ಹೇಳಿದಲ್ಲಿ. ಕೊನೆ, ಎಸಳು ಪೂರ್ತಿ ಹರಿದಲ್ಲಿ."

"ಹೂಂ. ಒತ್ತಿ."

ಹಸಿರು ಪಟ್ಟಿ ಬಸವನಹುಳುವಿಗಿಂತ ನಿಧಾನವಾಗಿ ತೆವಳತೊಡಗಿತು. ಈಗ ಮಾಡಲು ಏನೂ ಉಳಿದಿರಲಿಲ್ಲ. ಲ್ಯಾಪ್‌ಟಾಪಿನ ಬೆಳಕೂ ಬೇಡ ಅಂತ ಅವನು ಅದನ್ನು ತೀರಾ ಮಂದ ಮಾಡಿದ. ಅವನ ಗಲ್ಲದ ಒಂದು ಬದಿ ಮಾತ್ರ ಕಾಣುತ್ತಿತ್ತು.

"ಈಗ ಹೇಳಿ," ಅಂದಳು ಅವಳು. "ಎಷ್ಟು ದಿನದಿಂದ ಗೊತ್ತಿತ್ತು?"

"ಮೀಟಿಂಗಿನ ದಿನ ಬೆಳಿಗ್ಗೆಯಿಂದ. ಆ ಫೈಲಿಗೆ ಸ್ವಲ್ಪ ಮುಂಚೆ ಸೇವ್ ಆಗಿದ್ದು ಡಾಕ್ಟರಮ್ಮಂಗೆ ಕಳಿಸಿದ ತುಣುಕು, ಅದೇ ಫಾರ್ಮ್ಯಾಟಲ್ಲಿ. ನೋಡಿದ ಕೂಡಲೇ ಅರ್ಥ ಆಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಮೇಷ್ಟ್ರು ಅವತ್ತಿದ್ದ ಸಿಟ್ಟಿನಲ್ಲಿ ನಿಮ್ಮನ್ನ ವಾಲ್ವಿನ ಕೆಲಸದಿಂದ ತೆಗೆದುಹಾಕ್ತಿದ್ರು. ನೀವಿಲ್ಲದೆ ಈ ಕೆಲಸ ನಡೆಯಲ್ಲ. ನಾನಿಲ್ಲದಿದ್ರೆ ನಡೆಯುತ್ತೆ."

"ಓಹೋ, ತ್ಯಾಗ!" ಅವಳಿಗೆ ಎಲ್ಲಿತ್ತೋ ಅಷ್ಟು ಕೋಪ, ಉಕ್ಕಿ ಬಂತು. "ಯಾರು ಕೇಳಿದ್ರು ನಿಮ್ಮನ್ನ? ಮೂರು ತಿಂಗಳು ನಾನು ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದಿದ್ದೀನಿ. ಮನೆಯಲ್ಲಿ, ಬಸ್ಸಲ್ಲಿ, ಕನಸಲ್ಲೂ ಬೈದಿದ್ದೀನಿ. ಎಲ್ಲಾ ಸುಳ್ಳಿಗೆ! ನನ್ನನ್ನ ಅಷ್ಟು ಕೆಟ್ಟವಳು ಮಾಡೋ ಹಕ್ಕು ನಿಮಗೆ ಯಾರು ಕೊಟ್ರು?"

"ಸಮಾಧಾನ ಮಾಡ್ಕೊಳ್ಳಿ. ಪಟ್ಟಿ ನೋಡಿ..."

"ಪಟ್ಟಿ ನಾನು ನೋಡ್ತಾನೇ ಇದೀನಿ, ಬೈಯೋಕೆ ಬಾಯಿ ಖಾಲಿ ಇದೆ! ನಿಜ ಹೇಳಿದ್ದಿದ್ರೆ ನಾನು ಅವತ್ತೇ ಆ ಸೆಟ್ಟಿಂಗ್ ಸರಿ ಮಾಡಿಸ್ತಿದ್ದೆ. ಇವತ್ತು ಹೀಗೆ ಆಗ್ತಾನೇ ಇರಲಿಲ್ಲ."

"ನೀವು ತುಣುಕು ಕಳಿಸಿದಾಗಲೆಲ್ಲ ಆಮೇಲೆ ನಾನು ಬಂದು ಸರಿ ಮಾಡಿ ಇಡ್ತಿದ್ದೆ. ದಿನಾಲೂ. ಇವತ್ತೊಂದು ದಿನ ಡಿಸ್ಕ್ ತರೋಕೆ ಹೋದೆ."

"ನಾಡಿದ್ದಿನಿಂದ ಯಾರು ಸರಿ ಮಾಡ್ತಿದ್ರು? ಹೇಳಿ. ದೂರದಿಂದ ಕೈ ಚಾಚ್ತಿದ್ರಾ?"

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಹಾಗೆ, ತನ್ನ ಒಳ್ಳೆಯತನ ಎಂಥ ಕೇಡು ತರುವುದರಲ್ಲಿತ್ತು ಅಂತ ಅವನಿಗೆ ಈಗ ತಿಳಿದ ಹಾಗಿತ್ತು. "ತಪ್ಪಾಯ್ತು," ಅಂದ. "ಈ ಸಲ ನಿಜವಾಗಿಯೂ ನನ್ನದೇ ತಪ್ಪು."

"ಡಿಸ್ಕಲ್ಲಿ ಒಂದು ಚುಕ್ಕೆ ಕಮ್ಮಿ ಆದ್ರೆ ಊಟ ಬಿಡೋ ಮನುಷ್ಯ," ಅಂದಳು ಅವಳು, ಮೂಗು ಒರೆಸಿಕೊಳ್ಳುತ್ತಾ. "ನನಗೆ ಮಾತ್ರ ಅರ್ಧ ಕತ್ತರಿಸಿ ಕೊಟ್ರಿ."

ಯುಪಿಎಸ್ಸಿನ ಕೂಗು ಬಿರುಸಾಯಿತು. ಅದು ಮೊದಲು ತೋರಿಸಿದ್ದ ನಿಮಿಷಗಳೆಲ್ಲ ಸುಳ್ಳು, ಬ್ಯಾಟರಿ ಹಳೆಯದು. ಪಟ್ಟಿಯಲ್ಲಿ ಇನ್ನೂ ಒಂದು ಬೆರಳಗಲ ಬಾಕಿ ಇತ್ತು. ಇಬ್ಬರೂ ಮಾತು ಬಿಟ್ಟು ಅದನ್ನೇ ನೋಡಿದರು. ಅರ್ಧ ಬೆರಳು. ಅವಳು ಕತ್ತಲಲ್ಲಿ ಅವನ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು, ಯಾವಾಗ ಹಿಡಿದಳೋ ಅವಳಿಗೇ ಗೊತ್ತಿಲ್ಲ. ಅವನ ನಾಡಿ ತೊಟ್ಟಿಯ ಪಂಪಿಗಿಂತ ಜೋರಾಗಿ ಹೊಡೆಯುತ್ತಿತ್ತು. ಕಾಲು ಬೆರಳು. ಯುಪಿಎಸ್ ಒಂದೇ ಸಮನೆ ಅರಚಿತು.

"ಮುಗೀತು" ಅನ್ನುವ ಸಾಲು ಪರದೆಯ ಮೇಲೆ ಬಂತು. ಅವನು ಫ್ರೇಮುಗಳ ಲೆಕ್ಕ ನೋಡಿದ, ಇನ್ನೊಮ್ಮೆ ನೋಡಿದ, "ಎಲ್ಲಾ ಬಂದಿದೆ," ಅಂದ. ಅಷ್ಟರಲ್ಲೇ ಕ್ಯಾಮೆರಾದ ಕೆಂಪು ಕಣ್ಣು ಮುಚ್ಚಿತು. ಹೊಟ್ಟೆಯಲ್ಲಿದ್ದದ್ದೆಲ್ಲ ಅದರ ಜೊತೆಗೇ ಹೋಯಿತು.

ಅವನು ಸುಮ್ಮನೆ ಕೂರುವ ಜಾತಿಯಲ್ಲ. ಇನ್ನೊಂದು ಡಿಸ್ಕಿಗೆ ನಕಲು ಮಾಡಿದ, ಎರಡನ್ನೂ ಹೋಲಿಸಿದ, ಒಂದು ಚುಕ್ಕೆಯೂ ಹೆಚ್ಚುಕಮ್ಮಿ ಇಲ್ಲ ಅಂತ ಖಾತ್ರಿಯಾದ ಮೇಲೇ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

ಅವಳು ಒಂದೊಂದೇ ಚಿತ್ರ ಸರಿಸಿದಳು. ಈ ಸಲ ಎಳೆಗಳಿದ್ದವು. ಒಂದರ ಪಕ್ಕ ಒಂದು, ಬಾಚಿದ ಕೂದಲಿನ ಹಾಗೆ. ನಾಲ್ಕನೇ ಬಡಿತದಲ್ಲಿ, ಉಂಗುರದ ಅಂಚಿಗೆ, ಹೊಲಿಗೆಯ ಒಂದು ತೂತಿನ ಬಳಿ, ಒಂದು ಎಳೆ ಬಿಟ್ಟುಕೊಂಡಿತು. ಅದರ ಪಕ್ಕದ್ದು. ಅದರ ಪಕ್ಕದ್ದು. ಎಸಳಿನ ನಡುಭಾಗ ಕೊನೆಯವರೆಗೂ ಗಟ್ಟಿಯಾಗಿ ನಿಂತಿತ್ತು.

ಅವಳು ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಅವರೇ ಕೇಳಿದರು: "ಹೇಳಮ್ಮಾ, ಬಟ್ಟೆನಾ ಹೊಲಿಗೆನಾ?"

"ಹೊಲಿಗೆ," ಅಂದಳು. "ಹೊಲಿಗೆ ಡಾಕ್ಟರ್. ಎರಡನೇ ತೂತಿನಿಂದ. ಬಟ್ಟೆಗೆ ಏನೂ ಆಗಿಲ್ಲ."

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು. ಆಮೇಲೆ, "ಹುಡುಗಿಯ ಅಮ್ಮ ಇಲ್ಲೇ ಹೊರಗೆ ಕೂತಿದ್ದಾರೆ. ಹೋಗಿ ಹೇಳ್ತೀನಿ," ಅಂತ ಫೋನ್ ಇಟ್ಟರು.

ಲೈಟಮ್ಮ ಈಗ ಅತ್ತಳು, ಮನಸಾರೆ ಅತ್ತಳು. ಅವನೂ ಕನ್ನಡಕ ತೆಗೆದು ಒರೆಸಿದ. ಕೊಟ್ಟ ಮಾತಿಗೆ ತಪ್ಪುವವನಲ್ಲ.

ಕರೆಂಟು ಬಂದಾಗ ಅವಳು ಎದ್ದು ನಿಂತಳು. "ನಡೀರಿ ಮೇಷ್ಟ್ರ ಹತ್ರ."

"ಯಾಕೆ? ವಿಡಿಯೋ ನಾಳೆ ತೋರಿಸಿದ್ರೆ ಆಯ್ತು."

"ವಿಡಿಯೋ ಅಲ್ಲ. ನನ್ನ ತಪ್ಪು ನನಗೆ ವಾಪಸ್ ಬೇಕು."

"ಬಿಡಿ, ಈಗ ಎಲ್ಲಾ ಒಳ್ಳೇದೇ ಆಯ್ತಲ್ಲ..."

"ಇಷ್ಟು ದಿನ ಇಟ್ಕೊಂಡಿದ್ದು ಸಾಕು. ಕೊಡಿ ನನ್ನದನ್ನ."

ಮೇಷ್ಟ್ರು ಎಲ್ಲವನ್ನೂ ಕೇಳಿದರು. ಎರಡನೇ ವಾಲ್ವ್ ಯಾಕೆ ಹಾಳಾಯಿತು, ಸೇವ್ ಮಾಡಿದ್ದು ಯಾರು, ಇವತ್ತು ಏನಾಗುವುದರಲ್ಲಿತ್ತು, ಅವಳು ಒಂದನ್ನೂ ಬಿಡಲಿಲ್ಲ. "ರಿಪೋರ್ಟಲ್ಲಿ ನನ್ನ ತಪ್ಪು ಅಂತಲೇ ಬರೀರಿ ಸರ್. ಕೆಲಸದಿಂದ ತೆಗೀತೀರಾ, ತೆಗೀರಿ," ಅಂದಳು.

"ಬರೀತೀನಿ," ಅಂದರು ಮೇಷ್ಟ್ರು. "ಎರಡನೇದು ಕಳೆದವಳೂ ನೀನೇ, ಮೂರನೇದು ಉಳಿಸಿದವಳೂ ನೀನೇ ಅಂತ ಎರಡೂ ಬರೀತೀನಿ. ನಿನ್ನನ್ನ ತೆಗೆದು ನಾನೇನು ಮಾಡ್ಲಿ?" ಆಮೇಲೆ ಕುರ್ಚಿ ತಿರುಗಿಸಿದರು. "ಅಲ್ಲಯ್ಯಾ ಮಹಾರಾಯ, ನಿನಗೇನು ಬಂದಿತ್ತು? ಮಾಡದ ತಪ್ಪನ್ನ ಯಾಕೆ ತಲೆ ಮೇಲೆ ಹಾಕ್ಕೊಂಡೆ?"

ಅವನು ನೆಲ ನೋಡಿದ, ಸೂರು ನೋಡಿದ. ಅವಳ ಕಡೆ ನೋಡಿದಾಗ ಅವಳು ಕಣ್ಣಲ್ಲೇ ಗದರಿಸಿದಳು. ಈ ಸಲವೂ ಅರ್ಧ ಕತ್ತರಿಸಿ ಹೇಳಿದರೆ ನೋಡಿ ಮತ್ತೆ, ಅನ್ನುವ ಹಾಗೆ!

"ಸರ್," ಅಂದ, "ಇವರು ಅಂದ್ರೆ ನನಗೆ ತುಂಬಾ ಇಷ್ಟ. ಇವರಿಗೆ ಯಾರಾದ್ರೂ ಬೈಯೋದನ್ನ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದರು, ಹಾಕಿಕೊಂಡರು, ಯಾವುದೋ ಪೆನ್ನು ಹುಡುಕಿದರು. "ಇದನ್ನ ರಿಪೋರ್ಟಲ್ಲಿ ಬರೆಯೋಕಾಗಲ್ಲ," ಅಂದರು. "ನಿನ್ನ ಜಾಗಕ್ಕೆ ಇನ್ನೂ ಯಾರನ್ನೂ ತಗೊಂಡಿಲ್ಲ. ಹೋಗ್ತೀಯೋ ಇರ್ತೀಯೋ ನಾಳೆ ಹೇಳು. ಈಗ ಇಬ್ಬರೂ ಆಚೆ ನಡೀರಿ."

ಕಾರಿಡಾರಿನಲ್ಲಿ ಅವಳು ಮುಂದೆ ಮುಂದೆ ನಡೆದಳು, ಕಿವಿ ಕೆಂಪಗಾಗಿತ್ತು. ತಿರುವಿನಲ್ಲಿ ಗಕ್ಕನೆ ನಿಂತಳು.

"ಲೋಕದಲ್ಲಿ ಎಲ್ಲಾ ಬಿಟ್ಟು ಅವರಿಗೆ ಹೇಳಿದ್ರಿ. ನನಗೆ ಹೇಳಲಿಲ್ಲ."

"ಅವರು ಕೇಳಿದ್ರು. ನೀವು ಗೋಡೆ ಜೊತೆ ಮಾತಾಡ್ತಿದ್ರಿ."

ಅವಳಿಗೆ ನಗು ಬಂತು. ನಗುವುದಿಲ್ಲ ಅಂತ ತುಟಿ ಕಚ್ಚಿದಳು, ಆಗಲಿಲ್ಲ. ಆಮೇಲೆ ಗಂಭೀರಳಾದಳು. "ಇರ್ತೀರಾ, ಹೋಗ್ತೀರಾ?"

"ನೀವು ಏನಂತೀರಾ?"

"ನನಗೋಸ್ಕರ ಅಂತ ಇನ್ನೊಂದು ತ್ಯಾಗ ಮಾಡೋದಾದ್ರೆ ಈಗಲೇ ಹೊರಡಿ. ನಿಮಗೆ ಇರಬೇಕು ಅನ್ನಿಸಿದ್ರೆ ಮಾತ್ರ ಇರಿ."

"ನನಗೆ ಇರಬೇಕು," ಅಂದ ಅವನು. ಈ ಸಲ ನೆಲ ನೋಡಲಿಲ್ಲ. "ನಿಮ್ಮ ಹತ್ತಿರ ಇರಬೇಕು. ಅದು ನನ್ನ ಸ್ವಾರ್ಥ."

"ಸ್ವಾರ್ಥವೇ ಚೆನ್ನಾಗಿದೆ," ಅಂದಳು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅವನಿಗೂ ಕೇಳಿಸುತ್ತದೇನೋ ಅನ್ನಿಸಿತು, ಕೇಳಿಸಿದರೆ ಕೇಳಿಸಲಿ. "ನನಗೂ ನೀವು ಬೇಕು. ಬೈಯೋವಾಗಲೂ ಬೇಕಿತ್ತು. ಆದ್ರೆ ಒಂದು ಷರತ್ತು. ಇನ್ನು ಮೇಲೆ ನನ್ನ ಹತ್ತಿರ ಏನನ್ನೂ ಮುಚ್ಚಿಡಬಾರದು. ನನಗೆ ನೋವಾಗುತ್ತೆ ಅಂತಲೂ ಮುಚ್ಚಿಡಬಾರದು."

"ಪೂರ್ತಿ ಹೇಳಿದ್ರೆ ತುಂಬಾ ಉದ್ದ ಆಗುತ್ತೆ."

"ಎಷ್ಟು ಉದ್ದ?"

"ನೀವು ಈ ಲ್ಯಾಬಿಗೆ ಬಂದ ಮೊದಲನೇ ದಿನದಿಂದ ಶುರು."

ಅವಳು ಕಾರಿಡಾರಿನ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಅವನಿಗೂ ಜಾಗ ಬಿಟ್ಟಳು. ಮೂರು ತಿಂಗಳು ಆ ಎರಡು ಕುರ್ಚಿಗಳ ನಡುವೆ ಇದ್ದಷ್ಟು ಜಾಗ ಬಿಡಲಿಲ್ಲ.

"ಅವತ್ತು ನೀವು ಹಸಿರು ಅಂಗಿ ಹಾಕ್ಕೊಂಡಿದ್ರಿ," ಅಂತ ಅವನು ಶುರು ಮಾಡಿದ.

"ನೀಲಿ."

"ಹಸಿರು. ನಾನು ಹೇಳ್ತಿರೋದು, ನೀವು ಸುಮ್ಮನೆ ಕೇಳಿ."

"ಹೂಂ," ಅಂದಳು ಅವಳು.